ಅವ್ವ ಹಿಡಿದ ವಾರಗಳು

ಬೆಳಗಾವಿಯ ಆಟೋ ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಅಲ್ಲಿ ನಾವು ಆರು ಜನ ಹೆಂಗಸರು. ಮಧ್ಯಾಹ್ನ ಮಶೀನುಗಳು ನಿಂತ ಕೂಡಲೇ ನೆಲಕ್ಕೆ ರಟ್ಟು ಹಾಸಿಕೊಂಡು ಡಬ್ಬಿ ಬಿಚ್ಚುತ್ತೇವೆ. ಹೋದ ಗುರುವಾರ ನನ್ನ ಪಕ್ಕ ಕೂತಿದ್ದ ಸುನಂದಕ್ಕ ಡಬ್ಬಿಯ ಮುಚ್ಚಳ ತೆಗೆದಾಗ ತುಪ್ಪದಲ್ಲಿ ಸಿಡಿದ ಜೀರಿಗೆ, ಹುರಿದ ಶೇಂಗಾದ ಪುಡಿ, ಹಸಿಮೆಣಸಿನಕಾಯಿ ಎಲ್ಲ ಕೂಡಿದ ವಾಸನೆ ಕೋಣೆಯ ತುಂಬ ಹರಡಿತು. ಸಾಬೂದಾಣಿ ಖಿಚಡಿ.

“ಇವತ್ತ ನಂದು ವಾರ ಐತಿ. ನೀನೂ ಒಂದೀಟ ತಗೋ ರತ್ನಾ,” ಎಂದು ಎರಡು ಚಮಚ ನನ್ನ ಡಬ್ಬಿಗೆ ಹಾಕಿದಳು.

ತಿಂದೆ. ರುಚಿಯಾಗಿತ್ತು. ಆದರೆ ಆಮೇಲೆ ನನ್ನ ಚಪಾತಿ ಹಾಗೇ ಬಿಟ್ಟೆ. ಡಬ್ಬಿ ಮುಚ್ಚಿಕೊಂಡು ಎದ್ದೆ. ಸುನಂದಕ್ಕನ ತಪ್ಪೇನೂ ಇಲ್ಲ. ದೇವರ ಹೆಸರಿನಲ್ಲಿ ವಾರದಲ್ಲಿ ಒಂದು ದಿನ ಊಟ ಬಿಟ್ಟು ಫಲಾಹಾರ ಮಾಡುತ್ತಾಳೆ. ನಮ್ಮ ಕಡೆ ಅದಕ್ಕೆ ವಾರ ಹಿಡಿಯುವುದು ಎನ್ನುತ್ತಾರೆ. ನಮ್ಮವ್ವನೂ ಆರು ವರ್ಷದ ಹಿಂದೆ ವಾರ ಹಿಡಿದಿದ್ದಳು. ಮೊದಲು ಒಂದು, ಆಮೇಲೆ ಎರಡು, ಕೊನೆಗೆ ನಾಲ್ಕು.

ಆಗ ನಾವು ನೇಕಾರರೇ ಹೆಚ್ಚಿರುವ ವಡಗಾವಿ ಭಾಗದಲ್ಲಿದ್ದೆವು. ಶಾಲೆಯಲ್ಲಿ ನಾನು ಒಂಬತ್ತನೇ ಇಯತ್ತೆ, ತಂಗಿ ಚೆನ್ನಿ ಎರಡನೇ ಇಯತ್ತೆ. ಅಪ್ಪ ಮಾಲಕರೊಬ್ಬರ ಶೆಡ್ಡಿನಲ್ಲಿ ವಿದ್ಯುತ್ ಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ಅವ್ವ ಮನೆಯಲ್ಲಿ ಕೂತು ಅದೇ ಶೆಡ್ಡಿಗೆ ಕಂಡಿಕೆಗಳ ಮೇಲೆ ನೂಲು ಸುತ್ತಿ ಕೊಡುತ್ತಿದ್ದಳು. ಸಿರಿವಂತರಲ್ಲ, ಆದರೆ ಬುಟ್ಟಿಯಲ್ಲಿ ಯಾವಾಗಲೂ ರೊಟ್ಟಿ ಇರುತ್ತಿದ್ದವು. ಶಾಲೆಯಿಂದ ಬಂದವಳೇ ಬುಟ್ಟಿಗೆ ಕೈ ಹಾಕಿ, ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಸವರಿ, ಸುರುಳಿ ಮಾಡಿಕೊಂಡು ತಿನ್ನುತ್ತ ಓಣಿಗೆ ಓಡುವುದು ನನ್ನ ರೂಢಿಯಾಗಿತ್ತು. ಎಷ್ಟು ಉಳಿದಿವೆ ಎಂದು ನೋಡಿ ಬುಟ್ಟಿಗೆ ಕೈ ಹಾಕಬೇಕಾದೀತೆಂದು ನನಗೆ ಗೊತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬೆಳಗಾವಿಗೆ ಮಳೆ ಹೊಸದಲ್ಲ. ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ನಾರುವುದೂ ಹೊಸದಲ್ಲ. ಆದರೆ ಶ್ರಾವಣ ಹತ್ತಿರ ಬಂದಾಗ ಒಂದು ಮುಂಜಾನೆ ನಾಲೆ ಉಕ್ಕಿ ನಮ್ಮ ಓಣಿಯ ಗಟಾರುಗಳೆಲ್ಲ ಹಿಮ್ಮುಖವಾಗಿ ಹರಿದವು. ಮಗ್ಗದ ಶೆಡ್ಡಿನೊಳಗೆ ಮೊಣಕಾಲಿನ ಮೇಲೆ ನೀರು ನಿಂತಿತು. ಅಪ್ಪ ಮತ್ತು ಉಳಿದವರು ಎರಡು ದಿನ ಬಕೀಟಿನಿಂದ ನೀರು ಎತ್ತಿ ಚೆಲ್ಲಿದರು. ಮೋಟಾರುಗಳು ಕೆಟ್ಟಿದ್ದವು. ಮಗ್ಗದ ಮೇಲಿದ್ದ ಹಾಸಿನ ನೂಲಿಗೆ ತುಕ್ಕಿನ ಕಲೆ ಹತ್ತಿತ್ತು, ನೂಲಿನ ಚೀಲಗಳಿಗೆ ಬೂಷ್ಟು ಬಂದಿತ್ತು.

“ನೀರ ಇಳೀಲಿ, ಮೋಟರ್ ಒಣಗಲಿ. ಆಮ್ಯಾಲ ನೋಡೂಣು,” ಎಂದರಂತೆ ಮಾಲಕರು. ನೀರು ಇಳಿಯಿತು. ಮೋಟಾರುಗಳು ಒಣಗಿದವು. ಅವರು ‘ನೋಡೂಣು’ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಅವರ ಹಾನಿ ಅವರಿಗೆ. ಆದರೆ ನಮ್ಮ ಮನೆಯಲ್ಲಿ ಅಪ್ಪನ ಕೆಲಸ, ಅವ್ವನ ಕೆಲಸ ಎರಡೂ ಅದೊಂದು ಶೆಡ್ಡಿಗೇ ಕಟ್ಟಿದ್ದವು.

ಅಪ್ಪ ಬೇರೆ ಕೆಲಸ ಹುಡುಕಿದ. ಮಳೆಯಲ್ಲಿ ಮನೆ ಕಟ್ಟುವವರಿಲ್ಲ, ಗವಂಡಿ ಕೆಲಸ ನಿಂತಿತ್ತು. ಒಬ್ಬ ಗುತ್ತಿಗೆದಾರ ಅಪ್ಪನ ಕೈ ಹಿಡಿದು ತಿರುಗಿಸಿ ನೋಡಿ, “ಇವು ಕಲ್ಲ ಹೊರೂ ಕೈ ಅಲ್ರಿ ಯಜಮಾನ್ರ,” ಎಂದು ನಕ್ಕನಂತೆ. ಅಪ್ಪ ಇದನ್ನು ಮನೆಯಲ್ಲಿ ನಗುತ್ತಲೇ ಹೇಳಿದ. ನಾವೂ ನಕ್ಕೆವು. ಆ ಮಳೆಗಾಲದಲ್ಲಿ ನಾಲ್ವರೂ ಕೂಡಿ ನಕ್ಕದ್ದು ಅದೇ ಕೊನೆ.

ರೇಷನ್ ಅಕ್ಕಿ ಬರುತ್ತಿತ್ತು. ಅದು ತಿಂಗಳ ಅರ್ಧಕ್ಕೆ ಸಾಕಾಗುತ್ತಿತ್ತು. ಜೋಳ, ಬೇಳೆ, ಎಣ್ಣೆ ಅಂಗಡಿಯಿಂದ ಬರಬೇಕಿತ್ತು; ಬರುವುದು ಕಡಿಮೆಯಾಗುತ್ತ ಹೋಯಿತು. ಅದೇ ಹೊತ್ತಿಗೆ ಶ್ರಾವಣ ಬಂತು. ಶ್ರಾವಣ ಸೋಮವಾರ ನಮ್ಮ ಓಣಿಯ ಹೆಂಗಸರೆಲ್ಲ ಉಪವಾಸ ಇರುತ್ತಾರೆ. ಅವ್ವನೂ ಇದ್ದಳು. ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಶ್ರಾವಣ ಮುಗಿಯಿತು. ಎಲ್ಲರೂ ವಾರ ಬಿಟ್ಟರು, ಅವ್ವ ಬಿಡಲಿಲ್ಲ. ಸೋಮವಾರದ ಜೊತೆ ಗುರುವಾರ ಸೇರಿತು. ಗಣಪತಿ ಹಬ್ಬದ ಹೊತ್ತಿಗೆ ಶನಿವಾರ, ಅದರ ಹಿಂದೆಯೇ ಮಂಗಳವಾರ. ನಮಗೆ ಬಡಿಸಿ, ಕೈ ಒರೆಸಿಕೊಳ್ಳುತ್ತ, “ಉಣ್ರಿ ಉಣ್ರಿ, ಇವತ್ತ ನಂದು ವಾರ,” ಎನ್ನುತ್ತಿದ್ದಳು. ವಾರ ಎಂದ ಮೇಲೆ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ದೇವರ ಹೆಸರು ಬಂದಲ್ಲಿ ಅಪ್ಪನೂ ಸುಮ್ಮನಾಗುತ್ತಿದ್ದ.

ಒಂದು ದಿನ ಚೆನ್ನಿ ಕೇಳಿದಳು, “ಅವ್ವಾ, ನಿನಗ ಹಸಿವಿ ಆಗೂದಿಲ್ಲೇನ?”

“ವಾರ ಹಿಡದ್ರ ಹಸಿವಿ ಆಗೂದಿಲ್ಲವಾ. ದೇವ್ರು ನೋಡ್ಕೋತಾನ,” ಎಂದು ಅವ್ವ ಅವಳ ತಲೆ ಸವರಿದಳು.

ನನಗೆ ತಿಳಿದದ್ದು ಹೀಗೆ. ಗಣಪತಿ ಕಳಿಸಿದ ಮೇಲೆ ಅಪ್ಪನ ಗೆಳೆಯನೊಬ್ಬ ಬೈಲಹೊಂಗಲದ ಕಡೆಯಿಂದ ಬರುತ್ತ ಒಂದು ಸಣ್ಣ ಚೀಲ ಜೋಳ ತಂದುಕೊಟ್ಟ. ಆ ವಾರ ಅವ್ವ ಮಂಗಳವಾರವೂ ಉಂಡಳು, ಗುರುವಾರವೂ ಉಂಡಳು. ನನಗೆ ಹೊಳೆಯಲಿಲ್ಲ. ಚೀಲ ಮುಗಿಯುತ್ತ ಬಂದ ಹಾಗೆ ವಾರಗಳು ಒಂದೊಂದಾಗಿ ಮರಳಿ ಬಂದವು. ಒಂದು ಸಂಜೆ ನಾನು ರೊಟ್ಟಿ ಬಡಿಯಲೆಂದು ಹಿಟ್ಟಿನ ಡಬ್ಬಿ ತೆಗೆದೆ. ತಳದಲ್ಲಿ ಎರಡು ಹಿಡಿ ಇತ್ತು. ಅಷ್ಟರಲ್ಲಿ ಅವ್ವ ಹಿಂದಿನಿಂದ ಬಂದು ನನ್ನ ಹೆಗಲ ಮೇಲಿಂದ ಡಬ್ಬಿಯೊಳಗೆ ಇಣುಕಿ, “ನಾಳೆ ನಂದು ಶನಿವಾರ,” ಎಂದಳು. ದೇವರು ಡಬ್ಬಿಯೊಳಗೆ ನೋಡಿ ವಾರ ಕೇಳುತ್ತಿದ್ದ.

ಅವತ್ತಿನಿಂದ ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಅವ್ವನಿಗಂತೂ ಹೇಳಲೇ ಇಲ್ಲ. ಗೊತ್ತಿದೆ ಎಂದು ತೋರಿಸದ ಹಾಗೆ ನನ್ನ ತಾಟಿನಲ್ಲಿ ಬಿದ್ದದ್ದನ್ನು ಉಂಡು ಏಳುತ್ತಿದ್ದೆ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಮೊದಲು ಗುಂಡಗೆ ಕೂತು ಉಣ್ಣುತ್ತಿದ್ದೆವು. ಈಗ ಅಪ್ಪ ಊಟದ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಬಂದರೂ, “ಗೆಳ್ಯಾನ ಮನ್ಯಾಗ ಉಂಡ ಬಂದೇನಿ,” ಎಂದು ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬೀಡಿಯ ಮೇಲೆ ಬೀಡಿ. ಸಣ್ಣ ಸಣ್ಣ ವಿಷಯಕ್ಕೆ ಸಿಟ್ಟಿಗೇಳುತ್ತಿದ್ದ. ಅವ್ವ ನೀರಿನ ಕೊಡ ಎತ್ತುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೇಳಿದರೆ, “ಏನಿಲ್ಲ, ತಲಿ ಗಿರ್ ಅಂತು,” ಎನ್ನುತ್ತಿದ್ದಳು. ಎಲ್ಲಕ್ಕಿಂತ ಕಷ್ಟ ಓಣಿಯಲ್ಲಿ ನಡೆಯುವುದಾಗಿತ್ತು. ನಮ್ಮ ಕಡೆ ಎದುರು ಸಿಕ್ಕವರು ನಮಸ್ಕಾರಕ್ಕೆ ಬದಲು ಕೇಳುವುದೇ “ಊಟಾತೇನ್ರಿ?” ಎಂದು. ಕೇಳುವವರಿಗೆ ಅದು ಬರೀ ಮಾತು. “ಆತ್ರಿ, ನಿಮ್ದು?” ಎಂದು ಅವ್ವ ನಗುಮುಖದಿಂದ ಹೇಳುವುದನ್ನು ನಾನು ಪಕ್ಕದಲ್ಲಿ ನಿಂತು ಕೇಳಬೇಕಿತ್ತು. ಒಂದು ಓಣಿ ದಾಟುವುದರಲ್ಲಿ ನಾಲ್ಕು ಸಲ ಆ ಸುಳ್ಳು. ಆಮೇಲಾಮೇಲೆ ಅವಳು ಅಂಗಡಿಗೂ ನಲ್ಲಿಗೂ ನನ್ನನ್ನೇ ಕಳಿಸತೊಡಗಿದಳು.

ಶಾಲೆ ಇದ್ದ ದಿನ ನನಗೂ ಚೆನ್ನಿಗೂ ಮಧ್ಯಾಹ್ನದ ಬಿಸಿಯೂಟ ಇತ್ತು. ಅನ್ನ, ಸಾರು. ಅಡುಗೆಯವರು ಕೇಳಿದವರಿಗೆ ಎರಡನೆಯ ಸಲವೂ ಹಾಕುತ್ತಿದ್ದರು. ಅದರ ಮೇಲೆ ನಾವು ನಿಂತಿದ್ದೆವು. ಹಾಗಾಗಿ ದಸರೆಯ ರಜೆ ಹತ್ತಿರ ಬಂದಾಗ ನನ್ನ ಗೆಳತಿಯರೆಲ್ಲ ಯಾರ್ಯಾರ ಊರಿಗೆ ಹೋಗುವುದೆಂದು ಲೆಕ್ಕ ಹಾಕುತ್ತಿದ್ದರೆ ನಾನು ಬಿಸಿಯೂಟವಿಲ್ಲದ ದಿನಗಳನ್ನು ಎಣಿಸುತ್ತಿದ್ದೆ. ಶಾಲೆಯ ಬಾಗಿಲು ಮುಚ್ಚಿದರೆ ಆ ಅನ್ನದ ಪಾತ್ರೆಯೂ ಮುಚ್ಚಿದ ಹಾಗೆ.

ರಜೆ ಶುರುವಾಗಿ ನಾಲ್ಕನೆಯ ದಿನವೋ ಐದನೆಯ ದಿನವೋ. ಮಧ್ಯಾಹ್ನ. ಅವತ್ತು ಅಪ್ಪ ಮನೆಯಲ್ಲಿದ್ದ. ಅವ್ವ ಮೂರು ತಾಟು ಇಟ್ಟಳು. ಒಬ್ಬೊಬ್ಬರಿಗೆ ಒಂದೊಂದು ರೊಟ್ಟಿ, ಹಸಿಮೆಣಸಿನಕಾಯಿ ಅರೆದು ನೀರು ಮಾಡಿದ ಖಾರ. ಚೆನ್ನಿ ತಾಟಿನ ಮುಂದೆ ಕೂತಳು, ತಾಟನ್ನು ಮೆಲ್ಲಗೆ ಆಚೆ ಸರಿಸಿದಳು.

“ಇವತ್ತ ನಂದೂ ವಾರ.”

ಅಪ್ಪ ತಲೆ ಎತ್ತಿದ. “ಏನಂದಿ?”

“ನಂದೂ ವಾರ, ಅಪ್ಪಾ. ವಾರ ಹಿಡದ್ರ ಹಸಿವಿ ಆಗೂದಿಲ್ಲಂತ. ನನಗ ಮುಂಜಾನಿಂದ ಭಾಳ ಹಸಿವಿ ಆಗೇತಿ. ಅದಕ್ಕ.”

ಅಪ್ಪ ಅವಳ ತಾಟನ್ನು ಹತ್ತಿರ ಎಳೆದು, ರೊಟ್ಟಿ ಮುರಿದು, ಖಾರದಲ್ಲಿ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದ. “ಉಣ್ಣವಾ. ನೀ ಸಣ್ಣಾಕಿ, ನಿನಗ ವಾರ ಇಲ್ಲ.” ಚೆನ್ನಿ ಬಾಯಿ ಬಿಗಿಹಿಡಿದಳು. ತಿಂದರೆ ದೇವರು ಸಿಟ್ಟಾಗಿ ಇನ್ನೂ ಹಸಿವು ಕೊಡುತ್ತಾನೆಂದು ಅವಳಿಗೆ ಹೆದರಿಕೆ. ಅಪ್ಪ ಮತ್ತೆ ಹೇಳಿದ. ಮೂರನೆಯ ಸಲ ತುತ್ತನ್ನು ತುಟಿಗೆ ಒತ್ತಿದ. ಅವಳು ಮುಖ ತಿರುಗಿಸಿದಳು, ಖಾರ ಕಣ್ಣಿಗೆ ಹತ್ತಿತು, ಚೀರಿದಳು. ಅಪ್ಪ ಅವಳ ಕೆನ್ನೆಗೆ ಹೊಡೆದ.

ಅಪ್ಪ ನಮ್ಮ ಮೇಲೆ ಯಾವತ್ತೂ ಕೈ ಎತ್ತಿದವನಲ್ಲ. ಹೊಡೆದ ಮೇಲೆ ತನ್ನ ಕೈಯನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ. ಅವ್ವ ಚೆನ್ನಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ ಕಣ್ಣಿಗೆ ನೀರು ಹಾಕತೊಡಗಿದಳು. ಒಳಗೆ ನಾನೊಬ್ಬಳೇ. ಮುಂದೆ ಮೂರು ತಾಟು. ನನ್ನದನ್ನು ಉಂಡು ಮುಗಿಸಿದೆ. ಆಮೇಲೆ ಚೆನ್ನಿಯ ತಾಟಿನ ಮುರಿದ ರೊಟ್ಟಿಯಲ್ಲಿ ಒಂದು ಚೂರು ತೆಗೆದುಕೊಂಡೆ. ಆಮೇಲೆ ಇನ್ನೊಂದು. ಅವ್ವ ಒಳಗೆ ಬರುವಷ್ಟರಲ್ಲಿ ಚೆನ್ನಿಯ ತಾಟು ಖಾಲಿಯಾಗಿತ್ತು. ಅವ್ವ ತಾಟನ್ನು ನೋಡಿದಳು, ನನ್ನನ್ನು ನೋಡಿದಳು. ಅಪ್ಪನ ರೊಟ್ಟಿಯನ್ನು ನೀರಲ್ಲಿ ನೆನೆಸಿ, ಬೆಲ್ಲದ ಚೂರು ಹಾಕಿ ಕಲಸಿ, “ಇದು ದೇವರ ಪ್ರಸಾದ, ತಿನ್ನಬೇಕು,” ಎಂದು ಚೆನ್ನಿಗೆ ತಿನ್ನಿಸಿದಳು.

ಸಂಜೆ ಅಪ್ಪ ಬಂದವನೇ ಅವ್ವನಿಗೆ ಹೇಳಿದ, “ನಿನ್ನ ತಂಗಿಗೆ ಫೋನ್ ಹಚ್ಚು.”

ಇದನ್ನು ಹೇಳಲು ಅಪ್ಪನಿಗೆ ಎಷ್ಟು ಕಷ್ಟವಾಗಿರಬೇಕೆಂದು ತಿಳಿಯಬೇಕಾದರೆ ಹಿಂದಿನ ಒಂದು ಮಾತು ಹೇಳಬೇಕು. ಅವ್ವನ ತಂಗಿ, ನಮ್ಮ ಚಿಗವ್ವ, ಖಾನಾಪುರದ ಆಚೆ ಒಂದು ಸಣ್ಣ ಊರಿನಲ್ಲಿದ್ದಳು. ಭತ್ತದ ಗದ್ದೆ, ಎರಡು ಎಮ್ಮೆ ಇದ್ದ ಮನೆ. ಚಿಗವ್ವನ ಮಗನಿಗೆ ಹೆಸರಿಟ್ಟ ದಿನ ನಾವೆಲ್ಲ ಹೋಗಿದ್ದಾಗ ಚಿಗವ್ವನ ಗಂಡ, ನಮ್ಮ ಕಾಕಾ, ಪಂಕ್ತಿಯಲ್ಲಿ ಎಲ್ಲರ ಮುಂದೆ ಚೇಷ್ಟೆಗೆಂದು, “ವಡಗಾವಿ ಮಂದಿ ಬಂದ್ರು, ಅನ್ನದ ಪಾತೇಲಿ ಮುಚ್ಚಿಡ್ರಿ!” ಎಂದಿದ್ದರು. ಎಲ್ಲರೂ ನಕ್ಕರು. ಅಪ್ಪ ಅರ್ಧ ಊಟದಲ್ಲಿ ಕೈ ತೊಳೆದು ಎದ್ದ. ಆಮೇಲೆ ಆರು ವರ್ಷ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅವ್ವ ಫೋನಿನಲ್ಲಿ ಸುತ್ತಿ ಬಳಸಿ ಏನೋ ಹೇಳುತ್ತಿದ್ದಳು. ಚಿಗವ್ವ ಜಾಣೆ. “ಅಕ್ಕಾ, ಇಲ್ಲಿ ಕೊಯ್ಲಿಗೆ ಆಳ ಸಿಗವಲ್ರು. ನೀ ಹುಡುಗ್ಯಾರನ್ನ ಕರಕೊಂಡ ಬಂದ್ರ ನನಗ ಭಾಳ ಅನಕೂಲ ಆಗ್ತೈತಿ ನೋಡ,” ಎಂದಳು. ಕೇಳಬೇಕಾದವರು ನಾವು, ಅವಳೇ ಕೇಳಿದಳು.

ಅಪ್ಪ ನಮ್ಮನ್ನು ಬಸ್ಸಿಗೆ ಹತ್ತಿಸಿ ವಡಗಾವಿಯಲ್ಲೇ ಉಳಿದ. ಖಾನಾಪುರದಲ್ಲಿ ಇಳಿದು, ಟೆಂಪೋ ಹಿಡಿದು ಊರು ಸೇರುವಾಗ ಮಧ್ಯಾಹ್ನವಾಗಿತ್ತು. ಮಳೆ ನಿಂತು ಬಿಸಿಲು ಬಿದ್ದಿತ್ತು. ರಸ್ತೆಯ ಎರಡೂ ಕಡೆ ಭತ್ತ ಹಳದಿಯಾಗಿ ಬಾಗಿ ನಿಂತಿತ್ತು. ಅಷ್ಟು ಅನ್ನ ಹೊಲದಲ್ಲಿ ನಿಂತದ್ದನ್ನು ನಾನು ಅದರ ಮೊದಲು ಎಷ್ಟೋ ಸಲ ನೋಡಿದ್ದೆ, ಆದರೆ ಅನ್ನ ಎಂದು ನೋಡಿರಲಿಲ್ಲ.

ಚಿಗವ್ವ ಬಿಸಿ ಅನ್ನ, ಬೇಳೆ ಸಾರು, ಮಜ್ಜಿಗೆ ಬಡಿಸಿದಳು. ಚೆನ್ನಿ ಮಾತಿಲ್ಲದೆ ಉಂಡಳು. ಉಂಡ ಮೇಲೂ ತಾಟು ಬಿಡಲಿಲ್ಲ. ಒಂದು ಹಿಡಿ ಅನ್ನವನ್ನು ಉಂಡೆ ಮಾಡಿ ಲಂಗದ ಮಡಿಕೆಯಲ್ಲಿ ಸುತ್ತಿಕೊಂಡದ್ದನ್ನು ಚಿಗವ್ವ ನೋಡಿಯೂ ನೋಡದ ಹಾಗೆ ಒಳಗೆ ಹೋದಳು. ಅವ್ವ ಎರಡು ತುತ್ತು ಉಂಡು ಕೈ ಹಿಂದೆಗೆದಳು. ಬಾಗಿಲಲ್ಲಿ ಕಾಕಾ ನಿಂತಿದ್ದರು.

“ಯಾಕ್ರಿ ಅಕ್ಕಾರ, ಹಂಗ್ಯಾಕ ಬಿಟ್ರಿ?”

“ಸಾಕ್ರಿ. ಇವತ್ತ ನಂದು ವಾರ.”

ನಾನು ಅವಳ ಮುಖ ನೋಡಿದೆ. ಇಲ್ಲಿ ಅನ್ನ ಇತ್ತು, ತುಂಬಿದ ಪಾತೇಲಿ ಕಣ್ಣ ಮುಂದೆ ಇತ್ತು. ಆದರೂ ಅವಳಿಗೆ ಆಗಲಿಲ್ಲ. ಇಷ್ಟು ದಿನ ಹೊಟ್ಟೆಗೆ ಹೇಳಿದ ಸುಳ್ಳನ್ನು ತಂಗಿಯ ಮನೆಯಲ್ಲಿ ಒಮ್ಮೆಲೇ ಬಿಡುವುದು ಹೇಗೆ? ಹೊಟ್ಟೆ ತುಂಬ ಉಂಡರೆ ಉಣ್ಣಲೆಂದೇ ಬಂದೆವೆಂದು ಕಾಣುತ್ತದಲ್ಲ.

ಮರುದಿನದಿಂದ ಕೊಯ್ಲು. ಅವ್ವನಿಗೆ ಚಿಕ್ಕಂದಿನಲ್ಲಿ ಕುಡುಗೋಲು ಹಿಡಿದು ಗೊತ್ತಿತ್ತು. ನಾನು ಸಿವುಡು ಕಟ್ಟಿ ಒಟ್ಟುತ್ತಿದ್ದೆ. ಪಕ್ಕದ ಸಾಲಿನಲ್ಲಿ ಮಾಲೂಬಾಯಿ ಎಂಬ ಮುದುಕಿ ಕೊಯ್ಯುತ್ತಿದ್ದಳು, ಮರಾಠಿಯವಳು. ಬೆಳಿಗ್ಗೆ ಬಂದ ಕೂಡಲೇ ಅವ್ವನನ್ನು ನೋಡಿ, “ಜೇವಣ ಝಾಲಂ ಕಾ, ಬಾಯಿ?” ಎಂದು ಕೇಳಿದಳು. ಅಲ್ಲಿಯೂ ಅದೇ ಪ್ರಶ್ನೆ, ಊಟ ಆಯಿತೇ ಎಂದು. “ಝಾಲಂ,” ಎಂದಳು ಅವ್ವ. ಎರಡು ಭಾಷೆಯಲ್ಲಿಯೂ ಅವಳ ಉತ್ತರ ಒಂದೇ.

ಮೂರನೆಯ ದಿನ, ಬಿಸಿಲು ನೆತ್ತಿಗೆ ಬಂದಾಗ, ಅವ್ವ ಬಗ್ಗಿದವಳು ಏಳಲಿಲ್ಲ. ಕುಡುಗೋಲು ಕೈಯಲ್ಲಿರುವಂತೆಯೇ ಭತ್ತದ ಮೇಲೆ ಮುಖ ಅಡಿಯಾಗಿ ಬಿದ್ದಳು. ಮಾಲೂಬಾಯಿ ಕೂಗಿಕೊಂಡಳು. ನಾವು ಹೊರಳಿಸಿದಾಗ ಅವ್ವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವಳನ್ನು ಎತ್ತುವಾಗ ಕಾಕಾ ತಡವರಿಸಿದರು. ಭಾರಕ್ಕಲ್ಲ. ಭಾರವೇ ಇಲ್ಲದ್ದಕ್ಕೆ.

ಖಾನಾಪುರದ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಅವ್ವ ಕಣ್ಣು ತೆರೆದಳು. ಸಿಸ್ಟರ್ ಒಬ್ಬರು ಅವಳ ಕೆಳರೆಪ್ಪೆ ಎಳೆದು ನೋಡಿ, “ಮೈಯಾಗ ರಕ್ತನ ಇಲ್ಲಲ್ರಿ. ದಿನಾ ಏನ ಉಣ್ತೀರಿ?” ಎಂದು ಕೇಳಿದರು.

“ಎಲ್ಲಾ ಉಣ್ತೀನ್ರಿ. ಇವತ್ತ ವಾರ ಇತ್ತು, ಅದಕ್ಕ ಹಿಂಗಾತು.”

“ಯಾವ ವಾರ ಹಿಡೀತೀರಿ?”

“ಸೋಮಾರ.”

“ಇವತ್ತ ಬುಧವಾರ ಐತಲ್ರಿ.”

ಅವ್ವ ಮಾಡಿನ ಕಡೆ ನೋಡಿದಳು. ಚಿಗವ್ವ ಕಾಲ ಬಳಿ ಕೂತಿದ್ದಳು, ಕಾಕಾ ಕಿಟಕಿಯ ಹತ್ತಿರ ನಿಂತಿದ್ದರು. ಸಿಸ್ಟರ್ ಕಾಯುತ್ತಿದ್ದರು. ನನ್ನ ಬಾಯಿಯಿಂದ ಮಾತು ತಾನಾಗಿ ಬಂತು.

“ವಾರ ಅಲ್ರಿ ಸಿಸ್ಟರ. ನಮ್ಮ ಮನ್ಯಾಗ ಜೋಳ ಇರಲಿಲ್ರಿ. ನಮಗ ಹಾಕಿ ತಾ ಬಿಡತಿದ್ಲು. ಶ್ರಾವಣದಿಂದ ಹಿಂಗ ಐತ್ರಿ.”

ಸಿಸ್ಟರ್ ಚೀಟಿಯ ಮೇಲೆ ಏನೋ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಚಿಗವ್ವ ಅವ್ವನ ಪಾದ ಹಿಡಿದುಕೊಂಡು, “ಅಕ್ಕಾ, ನಾ ನಿನಗ ಯಾರ? ನಾ ಯಾರ ಹೇಳ,” ಎಂದು ಅಳತೊಡಗಿದಳು. ಅವ್ವ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

ನಾನು ಹೊರಗೆ ಬಂದೆ. ಹಿಂದಿನಿಂದ ಕಾಕಾ ಬಂದು ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಟವೆಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

“ನಿಮ್ಮಪ್ಪ ಯಾಕ ಬರಲಿಲ್ಲವಾ?”

“ನೀವ ಅಂದಿದ್ರಲ್ಲಾ, ಪಾತೇಲಿ ಮುಚ್ಚಿಡ್ರಿ ಅಂತ.”

“ನಾ? ಯಾವಾಗ?”

ಹೇಳಿದೆ. ಕಾಕಾ ನೆನಪು ಮಾಡಿಕೊಳ್ಳಲು ನೋಡಿದರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನೆನಪೇ ಇರಲಿಲ್ಲ. ಅಪ್ಪ ಆರು ವರ್ಷ ಎದೆಯಲ್ಲಿಟ್ಟುಕೊಂಡ ಮಾತು ಅಂದವರಿಗೆ ಆ ದಿನವೇ ಮರೆತಿತ್ತು.

ಮರುದಿನ ಮುಂಜಾನೆಯೇ ಕಾಕಾ ವಡಗಾವಿಗೆ ಹೋದರು. ಅಲ್ಲಿ ಇಬ್ಬರ ನಡುವೆ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ನಾವು ಅವ್ವನನ್ನು ದವಾಖಾನೆಯಿಂದ ಚಿಗವ್ವನ ಮನೆಗೆ ಕರೆತಂದಿದ್ದೆವು. ಸಂಜೆ ಅಪ್ಪ ಕಾಕಾನ ಹಿಂದೆ ನಡೆದುಕೊಂಡು ಅಂಗಳಕ್ಕೆ ಬಂದ. ಗಡ್ಡ ಬೆಳೆದಿತ್ತು. ಅವ್ವ ಮಲಗಿದ್ದಲ್ಲಿಗೆ ಬಂದು ನಿಂತ. “ಹ್ಯಾಂಗದಿ?” ಎಂದ. “ಅರಾಮ ಅದೀನಿ,” ಎಂದಳು. ಅಷ್ಟೇ.

ಊಟಕ್ಕೆ ಕಾಕಾ ಅಪ್ಪನ ಎದುರಿಗೆ ಕೂಡಲಿಲ್ಲ, ಬಾಜು ಕೂತರು. ಚಿಗವ್ವ ಬಡಿಸಿದಳು. ಅಪ್ಪ ಅನ್ನ ಕಲಸಿದ, ಕಲಸುತ್ತಲೇ ಇದ್ದ. ಕಾಕಾ, “ಉಣ್ರಿ ಅಣ್ಣಾರ,” ಎಂದು ಮೆಲ್ಲಗೆ ಅಂದರು, ಗೋಡೆ ನೋಡುತ್ತ. ಅವ್ವ ಒಳಗಿನ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅಪ್ಪ ಮೊದಲ ತುತ್ತು ನುಂಗಿದ್ದನ್ನು ನೋಡಿದ ಮೇಲೆ ತಂಗಿಯ ಕಡೆ ತಿರುಗಿ, “ನನಗೂ ಹಾಕ,” ಎಂದಳು.

ಅವತ್ತಿನಿಂದ ಅವ್ವ ಉಂಡಳು. ಚಿಗವ್ವ ಬಾಣಂತಿಗೆ ಉಣಿಸಿದ ಹಾಗೆ ಮುಂದೆ ಕೂತು ಉಣಿಸಿದಳು. ಅಪ್ಪ ನಮ್ಮ ಜೊತೆ ಉಳಿದು ಗದ್ದೆಗೆ ಇಳಿದ. ಕೊಯ್ದದ್ದಕ್ಕಿಂತ ಬೆರಳು ಕೊಯ್ದುಕೊಂಡದ್ದೇ ಹೆಚ್ಚು. ಆದರೆ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಎಲ್ಲರ ಜೊತೆ ಮಾತಾಡುತ್ತಿದ್ದಳು, ಮಾಲೂಬಾಯಿಯ ಜೊತೆ ಅರೆಬರೆ ಮರಾಠಿಯಲ್ಲಿ ನಗುತ್ತಲೂ ಇದ್ದಳು. ನಾನು ಎದುರು ಬಂದರೆ ಮಾತು ನಿಲ್ಲುತ್ತಿತ್ತು. ನನಗೆ ಏನಾದರೂ ಹೇಳಬೇಕಿದ್ದರೆ, “ಚೆನ್ನಿ, ನಿಮ್ಮಕ್ಕಗ ಉಣ್ಣಾಕ ಬಾ ಅನ್ನು,” ಎನ್ನುತ್ತಿದ್ದಳು, ನಾನು ಅಲ್ಲೇ ನಿಂತಿರುವಾಗ. ಹತ್ತು ದಿನ. ಹನ್ನೊಂದನೆಯ ದಿನ, ಭತ್ತದ ಚೀಲದ ಜೊತೆ ನಾವು ಬೆಳಗಾವಿಯ ಬಸ್ಸಿನಲ್ಲಿ ಕೂತಾಗ, “ಕಿಡಕಿ ಹಾಕ, ಗಾಳಿ ಬರಾಕತ್ತೈತಿ,” ಎಂದು ನನಗೆ ಹೇಳಿದಳು. ನಾನು ಕಿಟಕಿ ಹಾಕಿದೆ. ಅವತ್ತಿನ ಮಾತು ಅಲ್ಲಿಗೆ ಮುಚ್ಚಿಹೋಯಿತು.

ಶೆಡ್ಡಿನಲ್ಲಿ ಮುಂದೆ ಕೆಲವು ಮಗ್ಗಗಳು ಶುರುವಾದವು, ಅಪ್ಪನ ಮಗ್ಗ ಆಗಲಿಲ್ಲ. ಅಪ್ಪ ಆಟೋ ನಗರದ ಒಂದು ಗ್ಯಾರೇಜಿನಲ್ಲಿ ಕಾವಲಿಗೆ ಸೇರಿದ. ಮತ್ತೆ ನೇಯಲಿಲ್ಲ. ನಾವು ವಡಗಾವಿ ಬಿಟ್ಟು ಅನಗೋಳದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು. ಅವ್ವನ ಮೈಗೆ ರಕ್ತ ಬರಲು ಒಂದು ವರ್ಷ ಹಿಡಿಯಿತು. ಈಗ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ. ಆದರೂ ಚೆನ್ನಿಯ ಶಾಲೆಯ ದಪ್ತರ ಝಾಡಿಸಿದರೆ ಪುಸ್ತಕಗಳ ನಡುವಿನಿಂದ ಒಣಗಿದ ಚಪಾತಿಯ ಚೂರುಗಳು ಬೀಳುತ್ತವೆ. ಹದಿಮೂರು ವರ್ಷದವಳು, ಬುದ್ಧಿವಂತೆ. ಯಾಕೆ ಇಟ್ಟುಕೊಳ್ಳುತ್ತೀ ಎಂದರೆ ಸಿಟ್ಟು ಮಾಡುತ್ತಾಳೆ. ಅವ್ವ ಅವಳಿಗೆ ಏನೂ ಅನ್ನುವುದಿಲ್ಲ. ಚೂರುಗಳನ್ನು ಆರಿಸಿ, ಹೊರಗೆ ಹಕ್ಕಿಗೆ ಹಾಕಿ, ಪುಸ್ತಕ ಹೊಂದಿಸಿಡುತ್ತಾಳೆ. ಅಪ್ಪ ಚೆನ್ನಿಯ ಕೆನ್ನೆ ಮುಟ್ಟಿ ಮಾತಾಡಿಸಿದ್ದನ್ನು ಆಮೇಲೆ ನಾನು ನೋಡಿಲ್ಲ. ತಲೆ ಸವರುತ್ತಾನೆ, ಕೆನ್ನೆ ಮುಟ್ಟುವುದಿಲ್ಲ.

ನನ್ನೊಳಗೆ ಉಳಿದದ್ದನ್ನು ಕೇಳಲು ನನಗೆ ಆರು ವರ್ಷ ಬೇಕಾಯಿತು. ಮೊನ್ನೆ ಭಾನುವಾರ ಅವ್ವ ಹೊರಗೆ ಬಿಸಿಲಿಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಹಣಿಗೆ ಇಸಿದುಕೊಂಡು ಅವಳ ಹಿಂದೆ ಕೂತೆ. ಮುಖ ಕಾಣದಿದ್ದರೆ ಕೇಳುವುದು ಸುಲಭ.

“ಅವ್ವಾ, ಖಾನಾಪುರದ ದವಾಖಾನ್ಯಾಗ ನಾ ಅವತ್ತ ಹೇಳಬಾರದಿತ್ತೇನ?”

ಅವಳು ಏನು ಎತ್ತ ಎಂದು ಕೇಳಲಿಲ್ಲ. ಆ ದಿನ ಅವಳಿಗೂ ಹತ್ತಿರದಲ್ಲೇ ಇತ್ತೆಂದು ಕಾಣುತ್ತದೆ.

“ಹೇಳಿದ್ದು ಚೊಲೊನ ಆತು. ಇಲ್ಲಂದ್ರ ನಾ ಸತ್ತ ಹೋಗ್ತಿದ್ನೇನೋ.”

“ಮತ್ತ ಹತ್ತ ದಿನಾ ಯಾಕ ಮಾತ ಬಿಟ್ಟಿ?”

ನಾನು ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದೆ.

“ನೀ ಹೇಳಿದ್ದಕ್ಕ ನನಗ ಸಿಟ್ಟ ಬಂದಿರಲಿಲ್ಲ ರತ್ನಾ. ನಿನಗ ಗೊತ್ತಿತ್ತಲ್ಲ, ಅದಕ್ಕ. ನಾ ಏನ ತಿಳಕೊಂಡಿದ್ದೆ? ಹುಡುಗ್ಯಾರಿಗೆ ಗೊತ್ತಿಲ್ಲ, ಅವ್ವ ದೇವ್ರ ಹೆಸರಲೆ ಬಿಟ್ಟಾಳ ಅಂತ ಸಮಾಧಾನದಿಂದ ಉಣ್ಣಾಕತ್ತಾರ ಅಂತ. ಅಷ್ಟರ ಮ್ಯಾಲ ನಾ ಉಪಾಸ ಇರ್ತಿದ್ದೆ. ನೀ ಶ್ರಾವಣದಿಂದ ಅಂದಿ ನೋಡ, ಆಗ ನನ್ನ ಜೀವಾ ಹೋತು. ಎಲ್ಲಾ ಗೊತ್ತಿದ್ದೂ ನನ್ನ ಮುಂದ ಕೂತು ದಿನಾ ತುತ್ತು ನುಂಗೂದು ನಿನಗ ಎಷ್ಟ ಕಷ್ಟ ಆಗಿರಬೇಕವಾ.”

ನಾನು ಜಡೆ ಹೆಣೆಯುತ್ತ ಹೋದೆ. ಕಷ್ಟವಾಗಿರಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಹಸಿವಾಗಿರುತ್ತಿತ್ತು. ಉಣ್ಣುತ್ತಿದ್ದೆ.